ಚೌಕಟ್ಟಿನ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚೌಕಟ್ಟಿನ ಕಥೆ ಎಂದರೆ ಏನು?

ಒಂದು ಕಥೆಯ ಪಾತ್ರ ಇನ್ನೊಂದು ಪಾತ್ರಕ್ಕೆ ಕಥೆ ಹೇಳುತ್ತದೆ. ಯಾರು, ಯಾರಿಗೆ, ಯಾವಾಗ, ಯಾಕೆ ಹೇಳಿದರು ಎಂಬುದನ್ನು ತಿಳಿಸುವ ಹೊರಗಿನ ಕಥೆಯೇ ಚೌಕಟ್ಟಿನ ಕಥೆ. ಪಾತ್ರದ ಬಾಯಿಂದ ಬರುವುದು ಒಳಕಥೆ. ಬೇತಾಳನ ಕಥೆಗಳನ್ನೇ ತೆಗೆದುಕೊಳ್ಳಿ. ರಾಜ ಮರದಿಂದ ಶವ ಇಳಿಸಿ ಹೆಗಲಿಗೇರಿಸಿ ಹೊರಡುವುದು, ಬೇತಾಳ ಮಾತಾಡುವುದು, ರಾಜ ಉತ್ತರ ಕೊಟ್ಟಾಗ ಶವ ಮತ್ತೆ ಮರಕ್ಕೆ ಹೋಗಿ ಜೋತುಬೀಳುವುದು, ಇಷ್ಟು ಚೌಕಟ್ಟು. ಬೇತಾಳ ಹೇಳುವ ಒಂದೊಂದು ಒಗಟಿನ ಕಥೆಯೂ ಒಳಕಥೆ.

ಪೂರ್ತಿ ಬೆಳೆದ ಚೌಕಟ್ಟಿನಲ್ಲಿ ನಾಲ್ಕು ಅಂಗಗಳಿರುತ್ತವೆ: ಹೇಳುವವರು, ಕೇಳುವವರು, ಈಗಲೇ ಹೇಳಬೇಕಾದ ಕಾರಣ, ಹೇಳಿದ್ದರಿಂದ ಆಗುವ ಪರಿಣಾಮ. ಮೊದಲ ಎರಡು ಎಲ್ಲರಿಗೂ ನೆನಪಿರುತ್ತವೆ. ಚೌಕಟ್ಟಿನ ಬಲ ಇರುವುದು ಮಾತ್ರ ಕೊನೆಯ ಎರಡರಲ್ಲಿ. ಈ ಪುಟದಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ.

ಈ ಹೆಸರು ಎಲ್ಲಿಂದ ಬಂತು?

ಜರ್ಮನ್ ಸಾಹಿತ್ಯ ವಿಮರ್ಶೆಯಲ್ಲಿ ಇದಕ್ಕೆ ‘ರಾಮೆನ್‌ಎರ್ತ್ಸೇಲುಂಗ್’ ಎನ್ನುತ್ತಾರೆ. ರಾಮೆನ್ ಎಂದರೆ ಚೌಕಟ್ಟು, ಎರ್ತ್ಸೇಲುಂಗ್ ಎಂದರೆ ಕಥನ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ನೀಳ್ಗತೆಗಾರರಿಗೆ ಈ ತಂತ್ರ ಬಹಳ ಪ್ರಿಯವಾಗಿತ್ತು. ಇಂಗ್ಲಿಷಿನ ‘ಫ್ರೇಮ್ ಸ್ಟೋರಿ’, ಕನ್ನಡದ ‘ಚೌಕಟ್ಟಿನ ಕಥೆ’ ಎರಡೂ ಅದೇ ಕಲ್ಪನೆಯ ಪದಗಳು.

ಸಂಸ್ಕೃತದ ಕಥಾಸಂಪ್ರದಾಯದಲ್ಲಿ ಈ ಕೆಲಸಕ್ಕೆ ಬೇರೆ ಹೆಸರುಗಳಿವೆ. ಪಂಚತಂತ್ರದ ಪೀಠಿಕಾಭಾಗಕ್ಕೆ ‘ಕಥಾಮುಖ’ ಎಂದು ಹೆಸರು. ಸೋಮದೇವನ ಕಥಾಸರಿತ್ಸಾಗರದಲ್ಲಿ ಮೊದಲ ಲಂಬಕ ‘ಕಥಾಪೀಠ’, ಎರಡನೆಯದು ‘ಕಥಾಮುಖ’. ಇವು ಭಾಗಗಳ ಹೆಸರುಗಳೇ ಹೊರತು ತಂತ್ರಕ್ಕೆ ಇಟ್ಟ ಪಾರಿಭಾಷಿಕ ಪದಗಳಲ್ಲ. ಆದರೂ ಕಥೆಗಳ ರಾಶಿ ನಿಲ್ಲಲು ಕೆಳಗೊಂದು ಪೀಠ ಬೇಕು ಎಂಬ ಅರಿವು ಅವುಗಳಲ್ಲಿ ಸ್ಪಷ್ಟವಾಗಿದೆ.

ಚೌಕಟ್ಟು ಎಂದೊಡನೆ ಗೋಡೆಯ ಪಟಕ್ಕೆ ಹಾಕಿಸುವ ಕಟ್ಟು ಕಣ್ಣಿಗೆ ಬಂದರೆ ಅರ್ಥ ಸ್ವಲ್ಪ ದಾರಿತಪ್ಪುತ್ತದೆ. ಪಟದ ಕಟ್ಟು ಬದಲಿಸಿದರೆ ಪಟಕ್ಕೇನೂ ಆಗುವುದಿಲ್ಲ. ಒಳ್ಳೆಯ ಚೌಕಟ್ಟಿನ ಕಥೆ ಬಾಗಿಲಿನ ಚೌಕಟ್ಟಿನಂಥದ್ದು: ಒಳಗೆ ಹೋಗಲು ಅದನ್ನು ದಾಟಲೇಬೇಕು, ಹೊರಗೆ ಬರುವಾಗಲೂ ದಾಟಬೇಕು.

ಉಪಕಥೆ, ಫ್ಲ್ಯಾಶ್‌ಬ್ಯಾಕ್, ಮುನ್ನುಡಿ, ಇವೆಲ್ಲ ಇದೇ ಅಲ್ಲವೇ?

ಅಲ್ಲ. ಫ್ಲ್ಯಾಶ್‌ಬ್ಯಾಕಿನಲ್ಲಿ ಕಾಲ ಹಿಂದಕ್ಕೆ ಹೋಗುತ್ತದೆ, ಹೇಳುವವರು ಬದಲಾಗಬೇಕಿಲ್ಲ. ಚೌಕಟ್ಟಿನಲ್ಲಿ ಹೇಳುವವರೇ ಬದಲಾಗುತ್ತಾರೆ. ಕಾಲ ಹಿಂದಕ್ಕೆ ಹೋಗಬಹುದು, ಹೋಗದೆಯೂ ಇರಬಹುದು. ಮುನ್ನುಡಿಯಲ್ಲಿ ಮಾತಾಡುವುದು ಲೇಖಕ, ಪಾತ್ರವಲ್ಲ. ಇನ್ನು ಉಪಕಥೆ: ಮುಖ್ಯಕಥೆಯೇ ದೊಡ್ಡದಾಗಿದ್ದು ನಡುವೆ ಬರುವ ಚಿಕ್ಕ ಕಥೆ ಉಪಕಥೆ. ಒಳಕಥೆಗಳನ್ನು ಹೊರುವುದೇ ಹೊರಕಥೆಯ ಮುಖ್ಯ ಕೆಲಸವಾದರೆ ಅದು ಚೌಕಟ್ಟು. ಗೆರೆ ಎಲ್ಲಿ ಎಂಬುದು ಕೆಲವೊಮ್ಮೆ ವಾದದ ವಿಷಯವೇ. ಮಹಾಭಾರತದ ನಳೋಪಾಖ್ಯಾನವನ್ನು ಎರಡೂ ರೀತಿಯಲ್ಲಿ ನೋಡಬಹುದು.

ಇದಕ್ಕೆ ಅತಿ ಹಳೆಯ ಉದಾಹರಣೆ ಯಾವುದು? ಇದು ಭಾರತದಲ್ಲೇ ಹುಟ್ಟಿತೇ?

ಒಂದೇ ತವರು ಹುಡುಕುವುದು ವ್ಯರ್ಥ. ಪ್ರಾಚೀನ ಈಜಿಪ್ಟಿನ ‘ಹಡಗೊಡೆದ ನಾವಿಕ’ ಕಥೆ ಮಧ್ಯರಾಜ್ಯದ ಕಾಲದ್ದು, ಅಂದರೆ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಆರಂಭದ್ದು. ಅಲ್ಲಿ ಹೆದರಿದ ತನ್ನ ಒಡೆಯನಿಗೆ ಸೇವಕ ತನ್ನ ಕಥೆ ಹೇಳುತ್ತಾನೆ. ಆ ಕಥೆಯಲ್ಲಿ ಬರುವ ದ್ವೀಪದ ಹಾವು ತನ್ನದೊಂದು ಕಥೆ ಹೇಳುತ್ತದೆ. ಮೂರು ಪದರ ಅಲ್ಲಿಗೇ ಆಯಿತು. ವೆಸ್ಟ್‌ಕಾರ್ ಪಪೈರಸ್ ಎಂಬ ಇನ್ನೊಂದು ಸುರುಳಿಯಲ್ಲಿ ಖುಫು ರಾಜನ ಮಕ್ಕಳು ಸರದಿಯಂತೆ ತಂದೆಗೆ ಮಾಂತ್ರಿಕರ ಕಥೆ ಹೇಳುತ್ತಾರೆ. ಹೋಮರನ ಒಡಿಸ್ಸಿಯ 24 ಭಾಗಗಳಲ್ಲಿ 9ರಿಂದ 12ರವರೆಗಿನ ನಾಲ್ಕು ಭಾಗ ಒಡಿಸ್ಯೂಸನೇ ಫಯೇಶಿಯನ್ನರ ಆಸ್ಥಾನದಲ್ಲಿ ಹೇಳುವ ಕಥೆ. ಏಕಾಕ್ಷ ದೈತ್ಯ, ಮಾಟಗಾತಿ ಸಿರ್ಸಿ, ಸತ್ತವರ ಲೋಕ, ಇವೆಲ್ಲ ಬರುವುದು ಅವನ ಬಾಯಲ್ಲೇ. ಇವಕ್ಕೆ ಅವನನ್ನು ಬಿಟ್ಟರೆ ಬದುಕಿರುವ ಸಾಕ್ಷಿ ಯಾರೂ ಇಲ್ಲ ಎಂಬುದನ್ನು ಗಮನಿಸಿ.

ಆದರೆ ಚೌಕಟ್ಟನ್ನೇ ಒಂದು ಯಂತ್ರದಂತೆ ದುಡಿಸಿ, ಪದರದೊಳಗೆ ಪದರ ಹೆಣೆದು, ಒಂದು ಪೂರ್ಣ ಸಾಹಿತ್ಯಪ್ರಕಾರವಾಗಿ ಬೆಳೆಸಿದ್ದು ಭಾರತದ ಕಥಾಕಾರರು. ಆ ಹೆಮ್ಮೆಯಲ್ಲಿ ಉತ್ಪ್ರೇಕ್ಷೆ ಇಲ್ಲ.

ಪಂಚತಂತ್ರದಲ್ಲಿ ಒಂದು ಕಥೆಯಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತಾರೆ?

ಇದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಇಷ್ಟು ಅಚ್ಚುಕಟ್ಟಾದ ಕೀಲು ಬೇರೆಲ್ಲೂ ಸಿಗುವುದು ಕಷ್ಟ.

ಹೊರಗಿನ ಚೌಕಟ್ಟು ಎಲ್ಲರಿಗೂ ಗೊತ್ತು. ಅಮರಶಕ್ತಿ ರಾಜನ ಮೂವರು ದಡ್ಡ ಮಕ್ಕಳಿಗೆ ಆರು ತಿಂಗಳಲ್ಲಿ ನೀತಿಶಾಸ್ತ್ರ ಕಲಿಸುವುದಾಗಿ ವಿಷ್ಣುಶರ್ಮ ಒಪ್ಪಿಕೊಳ್ಳುತ್ತಾನೆ. ಅವನು ಹೇಳುವ ಐದು ತಂತ್ರಗಳಲ್ಲಿ ಮೊದಲನೆಯದು ಮಿತ್ರಭೇದ. ಅದರೊಳಗೆ ದಮನಕ, ಕರಟಕ ಎಂಬ ಎರಡು ನರಿಗಳು ಮಾತಾಡುತ್ತಿರುತ್ತವೆ. ಈಗ ಕೀಲು ಹೀಗೆ ತಿರುಗುತ್ತದೆ.

ಮೊದಲು ದಮನಕ ಒಂದು ಶ್ಲೋಕ ಹೇಳುತ್ತಾನೆ: ಉಪಾಯದಿಂದ ಆಗುವುದು ಪರಾಕ್ರಮದಿಂದ ಆಗದು, ಹೆಣ್ಣುಕಾಗೆ ಚಿನ್ನದ ಸರದಿಂದ ಕರಿನಾಗರವನ್ನು ಕೊಲ್ಲಿಸಿತಲ್ಲ. ಕಥೆಯ ಫಲಿತಾಂಶ ಇಲ್ಲೇ ಬಯಲಾಯಿತು. ಕರಟಕ ಕೇಳುತ್ತಾನೆ, “ಅದು ಹೇಗೆ?” ಕಥೆ ಶುರುವಾಗುತ್ತದೆ. ಕಥೆಯ ನಡುವೆ ಕಾಗೆ ತನ್ನ ಗೆಳೆಯ ನರಿಯ ಬಳಿ ಸಲಹೆ ಕೇಳಲು ಹೋಗುತ್ತದೆ. ಆ ನರಿ ಇನ್ನೊಂದು ಶ್ಲೋಕ ಹೇಳುತ್ತದೆ: ದೊಡ್ಡ, ಸಣ್ಣ, ನಡುತರದ ಮೀನುಗಳನ್ನೆಲ್ಲ ತಿಂದ ಬಕ ಅತಿಯಾಸೆಯಿಂದ ಏಡಿಯ ಹಿಡಿತಕ್ಕೆ ಸಿಕ್ಕಿ ಸತ್ತಿತು. ಕಾಗೆ ಕೇಳುತ್ತದೆ, “ಅದು ಹೇಗೆ?” ಕೊಕ್ಕರೆ ಮತ್ತು ಏಡಿಯ ಕಥೆ ನಡೆದು ಮುಗಿದ ಮೇಲೆ “ಅದಕ್ಕೇ ನಾನು ಹಾಗೆ ಹೇಳಿದ್ದು” ಎಂಬ ಮಾತಿನಿಂದ ಒಂದು ಪದರ ಮುಚ್ಚಿಕೊಳ್ಳುತ್ತದೆ. ಮುಂದೆ ಅದೇ ಮಾತಿನಿಂದ ಇನ್ನೊಂದು ಪದರವೂ ಮುಚ್ಚಿಕೊಳ್ಳುತ್ತದೆ.

ಸುಳಿವಿನ ಶ್ಲೋಕ, ಪ್ರಶ್ನೆ, ಕಥೆ, ಮರಳಿಕೆ: ಹಂತ ನಾಲ್ಕೇ. ಮುಂದೇನಾಯಿತು ಎಂಬ ಕುತೂಹಲವನ್ನು ಶ್ಲೋಕ ಮೊದಲೇ ತೀರಿಸಿಬಿಡುತ್ತದೆ. ಅದು ಹೇಗಾಯಿತು ಎಂಬ ಕುತೂಹಲವೇ ಕಥೆಯನ್ನು ಎಳೆಯುತ್ತದೆ. ಒಳಗೆ ಹೋಗುವ ಬಾಗಿಲು, ಹೊರಗೆ ಬರುವ ಬಾಗಿಲು ಎರಡಕ್ಕೂ ಒಂದೇ ಗುರುತು ಇರುವುದರಿಂದ ಕೇಳುವವನು ಯಾವ ಪದರದಲ್ಲಿದ್ದೇನೆ ಎಂದು ಗೊಂದಲಪಡುವುದಿಲ್ಲ.

ಬಹಳ ಜನ ಮರೆಯುವ ಸಂಗತಿ ಇನ್ನೊಂದಿದೆ. ಈ ಕಥೆಗಳನ್ನು ಚೌಕಟ್ಟಿನಿಂದ ಕಿತ್ತು ಮಕ್ಕಳ ಪುಸ್ತಕಕ್ಕೆ ಹಾಕಿ, ಕೊನೆಗೆ ‘ನೀತಿ’ ಎಂದು ಒಂದು ಸಾಲು ಬರೆಯುವ ರೂಢಿ ಇದೆಯಲ್ಲ, ಅಲ್ಲಿ ಕಥೆಯ ಅರ್ಧ ಜೀವ ಹೋಯಿತು. ಕಾಗೆ ಮತ್ತು ಸರ್ಪದ ಕಥೆ ಹೇಳುತ್ತಿರುವ ದಮನಕ ಸಿಂಹ ಪಿಂಗಳಕನಿಗೂ ಎತ್ತು ಸಂಜೀವಕನಿಗೂ ಇರುವ ಗೆಳೆತನ ಮುರಿಯಲು ಹೊರಟವನು. ಕಥೆ ಅವನ ಕೈಯಲ್ಲಿ ಆಯುಧ. ಹೇಳುವವನ ಸ್ವಾರ್ಥ ಗೊತ್ತಿದ್ದರೆ ಅದೇ ಕಥೆ ಬೇರೆ ರೀತಿ ಕೇಳಿಸುತ್ತದೆ.

ಚೌಕಟ್ಟು ಬದಲಿಸಿದರೂ ಕಥೆಗಳು ಉಳಿಯುತ್ತವೆಯೇ?

ಉಳಿಯುತ್ತವೆ. ಅದಕ್ಕೂ ಪಂಚತಂತ್ರವೇ ಸಾಕ್ಷಿ. ಆರನೆಯ ಶತಮಾನದಲ್ಲಿ, ಪರ್ಷಿಯಾದ ಖುಸ್ರೋ ಅನುಶಿರ್ವಾನನ ಕಾಲದಲ್ಲಿ, ಬುರ್ಜೋಯ್ ಎಂಬ ವೈದ್ಯ ಅದನ್ನು ಪಹ್ಲವಿ ಭಾಷೆಗೆ ತಂದ. ಸುಮಾರು 750ರ ಹೊತ್ತಿಗೆ ಇಬ್ನ್ ಅಲ್ ಮುಕಫ್ಫ ಅರಬ್ಬಿಯಲ್ಲಿ ‘ಕಲೀಲ ವ ದಿಮ್ನ’ ಮಾಡಿದ. ಕರಟಕ, ದಮನಕರೇ ಕಲೀಲ, ದಿಮ್ನ ಆದರು. ಅಲ್ಲಿಂದ ಹೀಬ್ರೂ, ಲ್ಯಾಟಿನ್, ಸ್ಪ್ಯಾನಿಷ್, ಜರ್ಮನ್ ಎಂದು ಪಯಣ ಸಾಗಿ, 1570ರಲ್ಲಿ ಥಾಮಸ್ ನಾರ್ತ್‌ನ ಇಂಗ್ಲಿಷ್ ಅನುವಾದ ಬಂತು. ಈ ದಾರಿಯಲ್ಲಿ ಹೊರ ಚೌಕಟ್ಟೇ ಬದಲಾಯಿತು. ವಿಷ್ಣುಶರ್ಮ ಮತ್ತು ರಾಜಕುಮಾರರ ಜಾಗಕ್ಕೆ ದಬ್ಶಲೀಮ್ ರಾಜ ಮತ್ತು ಬಿದ್ಪಾಯಿ ಎಂಬ ಜ್ಞಾನಿ ಬಂದರು. ಆದರೆ ದಮನಕನ ಚೌಕಟ್ಟು ಹಾಗೇ ಉಳಿಯಿತು.

ವಿಷ್ಣುಶರ್ಮನ ಚೌಕಟ್ಟು ಸಡಿಲ. ಆರು ತಿಂಗಳ ಮಾತು ಉಳಿಯಿತೋ ಇಲ್ಲವೋ ಎಂಬ ಆತಂಕ ಕಥೆಗಳ ನಡುವೆ ನಮ್ಮನ್ನು ಕಾಡುವುದಿಲ್ಲ. ದಮನಕನದು ಬಿಗಿ, ಅವನು ಹೇಳುವ ಒಂದೊಂದು ಕಥೆಯಿಂದಲೂ ಎತ್ತಿನ ಸಾವು ಹತ್ತಿರವಾಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಅನುಸರಿಸಿದ್ದು ವಿಷ್ಣುಶರ್ಮನ ಪರಂಪರೆಯನ್ನಲ್ಲ, ವಸುಭಾಗ ಎಂಬ ಇನ್ನೊಬ್ಬನ ಪರಂಪರೆಯನ್ನು.

ಮಹಾಭಾರತದಲ್ಲಿ ಎಷ್ಟು ಪದರಗಳಿವೆ?

ನೈಮಿಷಾರಣ್ಯದಲ್ಲಿ ಶೌನಕಾದಿ ಋಷಿಗಳಿಗೆ ಸೂತಪುತ್ರ ಉಗ್ರಶ್ರವಸ್ ಹೇಳುತ್ತಾನೆ. ಅವನು ಹೇಳುವುದು ಜನಮೇಜಯನ ಸರ್ಪಯಾಗದಲ್ಲಿ ವೈಶಂಪಾಯನ ಹೇಳಿದ್ದನ್ನು. ವೈಶಂಪಾಯನ ಹೇಳಿದ ಕಥೆಯೊಳಗೆ ಯುದ್ಧದ ವರದಿ ಧೃತರಾಷ್ಟ್ರನಿಗೆ ಸಂಜಯನಿಂದ ಬರುತ್ತದೆ. ಆ ವರದಿಯೊಳಗೆ ಅರ್ಜುನನಿಗೆ ಕೃಷ್ಣ ಹೇಳುವ ಗೀತೆ ಇದೆ. ಸೂತ, ವೈಶಂಪಾಯನ, ಸಂಜಯ, ಕೃಷ್ಣ: ಗೀತೆಯ ಮಾತು ನಮಗೆ ತಲುಪುವುದು ನಾಲ್ಕನೆಯ ಬಾಯಿಂದ. ‘ಸಂಜಯ ಉವಾಚ’, ‘ಶ್ರೀಭಗವಾನುವಾಚ’ ಎಂಬ ತುಣುಕುಗಳು ಶ್ಲೋಕದ ಛಂದಸ್ಸಿನ ಲೆಕ್ಕಕ್ಕೆ ಸೇರುವುದಿಲ್ಲ. ಯಾರ ಬಾಯಿ ಎಂದು ಗುರುತಿಸಲೆಂದೇ ಅವು ಇರುವುದು.

ಭೀಷ್ಮಪರ್ವದಲ್ಲಿ ಸಂಜಯ ಮೊದಲು ತರುವ ಸುದ್ದಿ ಭೀಷ್ಮ ಬಿದ್ದನೆಂಬುದು. ಹೇಗೆ ಬಿದ್ದನೆಂಬ ವಿವರ ಆಮೇಲೆ. ಪಂಚತಂತ್ರದ ಶ್ಲೋಕ ಮಾಡುವ ಕೆಲಸವೇ ಇದು.

ಒಳಕಥೆಯಿಂದ ಹೊರಕಥೆಗೆ ಏನಾದರೂ ದಕ್ಕಬೇಕು ಎಂಬುದಕ್ಕೆ ವನಪರ್ವದ ನಳನ ಕಥೆ ನೋಡಿ. ನನಗಿಂತ ದುಃಖಿಯಾದ ರಾಜ ಇದ್ದಾನೆಯೇ ಎಂದು ಧರ್ಮರಾಯ ಕೇಳಿದಾಗ ಬೃಹದಶ್ವ ಮುನಿ ನಳನ ಕಥೆ ಹೇಳುತ್ತಾನೆ. ಅವನೂ ಪಗಡೆಯಲ್ಲಿ ಸೋತು ರಾಜ್ಯ ಕಳೆದುಕೊಂಡವನು. ಕಥೆ ಮುಗಿದ ಮೇಲೆ ಮುನಿ ಬರಿ ಸಾಂತ್ವನ ಹೇಳಿ ಎದ್ದುಹೋಗುವುದಿಲ್ಲ, ಪಗಡೆಯ ಮರ್ಮವಾದ ಅಕ್ಷಹೃದಯವನ್ನೇ ಧರ್ಮರಾಯನಿಗೆ ಕಲಿಸಿಕೊಡುತ್ತಾನೆ. ಒಳಕಥೆಯ ನಳನೂ ಅದೇ ವಿದ್ಯೆಯಿಂದ ಗೆದ್ದಿದ್ದ.

ಚೌಕಟ್ಟುಗಳಲ್ಲಿ ಬಗೆಗಳಿವೆಯೇ?

ಹೇಳುವವರಿಗೂ ಕೇಳುವವರಿಗೂ ನಡುವೆ ಇರುವ ಕರಾರನ್ನು ನೋಡಿ ಬಗೆ ಮಾಡುವುದು ಒಳ್ಳೆಯದು. ಕಥೆಗಳ ಸಂಖ್ಯೆಯಿಂದ ಬಗೆ ಮಾಡಿದರೆ ಏನೂ ತಿಳಿಯುವುದಿಲ್ಲ.

ಕಾಲ ತಳ್ಳುವ ಕರಾರು: ಸಾವಿರದೊಂದು ರಾತ್ರಿಗಳ ಶಹರಜಾದೆ ಕಥೆ ನಿಲ್ಲಿಸಿದರೆ ತಲೆ ಹೋಗುತ್ತದೆ. ಶುಕಸಪ್ತತಿಯ ಗಿಳಿ ಗಂಡ ಊರಲ್ಲಿಲ್ಲದ ಪ್ರಭಾವತಿಯನ್ನು ಎಪ್ಪತ್ತು ಕಥೆಗಳಿಂದ ಮನೆಯಲ್ಲೇ ಉಳಿಸಿಕೊಳ್ಳುತ್ತದೆ. ಇಲ್ಲಿ ಕಥೆಯನ್ನು ಎಲ್ಲಿ ತುಂಡರಿಸುತ್ತಾರೆ ಎಂಬುದೇ ಕುಶಲತೆ. ಶಹರಜಾದೆ ಬೆಳಗಾಗುವ ಹೊತ್ತಿಗೆ ಕಥೆಯನ್ನು ನಡುವೆಯೇ ನಿಲ್ಲಿಸುತ್ತಾಳೆ. ಅಂದಹಾಗೆ, 1704ರಿಂದ ಫ್ರೆಂಚಿಗೆ ಅನುವಾದಿಸಿದ ಆಂಟ್ವಾನ್ ಗಾಲಾನ್ ಬಳಿ ಇದ್ದ ಅರಬ್ಬಿ ಹಸ್ತಪ್ರತಿಯಲ್ಲಿ ಮುನ್ನೂರಕ್ಕೂ ಕಡಿಮೆ ರಾತ್ರಿಗಳಿದ್ದವು. ಚೌಕಟ್ಟು ದೊಡ್ಡ ಸಂಖ್ಯೆಯ ಆಸೆ ತೋರಿಸಿದರೆ ತುಂಬಲು ಜನ ಮುಂದೆ ಬರುತ್ತಾರೆ.

ಒಗಟಿನ ಕರಾರು: ಬೇತಾಳನದು. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ. ಉತ್ತರಿಸಿದರೆ ಮೌನ ಮುರಿದು ಶವ ಕೈತಪ್ಪುತ್ತದೆ. ರಾಜನ ಜಾಣತನವೇ ಅವನ ಕೆಲಸ ಕೆಡಿಸುತ್ತದೆ. ಉತ್ತರ ಹೊಳೆಯದ ಒಗಟು ಬಂದಾಗಲೇ ಅವನಿಗೆ ಬಿಡುಗಡೆ. ಇಷ್ಟು ಚಿಕ್ಕ ನಿಯಮದಿಂದ ಇಷ್ಟು ದೊಡ್ಡ ಕಥಾಮಾಲೆ ಓಡಿಸಿದ ಉದಾಹರಣೆ ಇನ್ನೊಂದಿಲ್ಲ ಎಂದೇ ಹೇಳಬೇಕು.

ಕೂಟದ ಕರಾರು: ಬೊಕಾಚಿಯೋನ ಡೆಕಮೆರಾನ್‌ನಲ್ಲಿ 1348ರ ಪ್ಲೇಗಿನಿಂದ ತಪ್ಪಿಸಿಕೊಂಡು ಫ್ಲಾರೆನ್ಸ್ ಬಿಟ್ಟುಬಂದ ಏಳು ಹೆಂಗಸರು, ಮೂವರು ಗಂಡಸರು ಹತ್ತು ದಿನ, ದಿನಕ್ಕೆ ಹತ್ತರಂತೆ ನೂರು ಕಥೆ ಹೇಳಿಕೊಳ್ಳುತ್ತಾರೆ. ಚಾಸರ್‌ನ ಕ್ಯಾಂಟರ್ಬರಿ ಕಥೆಗಳಲ್ಲಿ ಯಾತ್ರಿಕರದು ಪಂದ್ಯ.

ನಿವೇದನೆಯ ಕರಾರು: ಜನ್ನ 1209ರಲ್ಲಿ ಮುಗಿಸಿದ ಯಶೋಧರ ಚರಿತೆ. ಚಂಡಮಾರಿ ದೇವತೆಗೆ ಬಲಿಯಾಗಲು ತಂಗಿಯೊಡನೆ ಎಳೆದು ತಂದ ಅಭಯರುಚಿ ತಮ್ಮಿಬ್ಬರ ಹಿಂದಿನ ಜನ್ಮಗಳ ಕಥೆ ಹೇಳುತ್ತಾನೆ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಹಿಂಸೆಗೇ ಜನ್ಮಜನ್ಮಾಂತರ ನರಳಿದವರ ಕಥೆಯನ್ನು, ಕತ್ತಿ ಹಿಡಿದು ನಿಂತ ರಾಜ ಮಾರಿದತ್ತ ಕೇಳಬೇಕಾಗುತ್ತದೆ. ಕೇಳಿ ಅವನು ಬದಲಾಗುತ್ತಾನೆ. ಕೇಳುವವನ ಕೈಯಲ್ಲೇ ಹೇಳುವವನ ಪ್ರಾಣ ಇರುವುದರಿಂದ ಒಳಕಥೆಯ ಒಂದು ಮಾತೂ ಪೊಳ್ಳಾಗಿ ಕೇಳುವುದಿಲ್ಲ. ಕನ್ನಡದಲ್ಲಿ ಬಿಗಿ ಚೌಕಟ್ಟಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಜಾತಕ ಕಥೆಗಳೂ ಇದೇ ಗುಂಪಿಗೆ ಸೇರುತ್ತವೆಯೇ?

ಸೇರುತ್ತವೆ. ಪಾಲಿ ಜಾತಕದಲ್ಲಿ 547 ಕಥೆಗಳಿವೆ. ಮೊದಲು ಬುದ್ಧನ ಕಾಲದ ವರ್ತಮಾನದ ಪ್ರಸಂಗ, ಆಮೇಲೆ ಹಿಂದಿನ ಜನ್ಮದ ಕಥೆ, ಗಾಥೆಗಳು, ಪದಗಳ ವಿವರಣೆ, ಕೊನೆಗೆ ‘ಸಮೋಧಾನ’. ಸಮೋಧಾನ ಎಂದರೆ ಜೋಡಣೆ: ಅಂದಿನ ಇಂಥವನೇ ಇಂದಿನ ಇಂಥವನು, ಅಂದಿನ ಬೋಧಿಸತ್ವ ನಾನೇ. ಒಳಕಥೆಯ ಪಾತ್ರಗಳು ಹೊರಕಥೆಯಲ್ಲಿ ಕೂತಿರುವವರೇ ಎಂಬುದು ಕೊನೆಗೆ ತಿಳಿಯುತ್ತದೆ.

ಬಾಣನ ಕಾದಂಬರಿ ಇದೇ ತಂತ್ರವನ್ನು ಮೈಮರೆಸುವಷ್ಟು ದೂರ ಒಯ್ದಿತು. ಶೂದ್ರಕ ರಾಜನ ಮುಂದೆ ಗಿಳಿ ತನ್ನ ಕಥೆ ಹೇಳುತ್ತದೆ. ಅದರೊಳಗೆ ಜಾಬಾಲಿ ಮುನಿ ಹೇಳಿದ ಕಥೆ. ಅದರೊಳಗೆ ಚಂದ್ರಾಪೀಡನಿಗೆ ಮಹಾಶ್ವೇತೆ ಹೇಳುವ ಅವಳ ಕಥೆ. ಕೊನೆಗೆ ನೋಡಿದರೆ ಕೇಳುತ್ತಿದ್ದ ಶೂದ್ರಕನೇ ಚಂದ್ರಾಪೀಡ, ಹೇಳುತ್ತಿದ್ದ ಗಿಳಿಯೇ ಮಹಾಶ್ವೇತೆಯ ಪ್ರಿಯಕರ ಪುಂಡರೀಕ. ಬಾಣ ಮುಗಿಸದೆ ಬಿಟ್ಟ ಈ ಕೃತಿಯನ್ನು ಪೂರ್ತಿ ಮಾಡಿದ್ದು ಅವನ ಮಗ. ನಾಗವರ್ಮ ಇದನ್ನು ಕನ್ನಡಕ್ಕೆ ಚಂಪುವಾಗಿ ತಂದ.

‘ಮೀಸ್ ಆನ್ ಅಬೀಮ್’ ಎಂದರೂ ಇದೇ ಅರ್ಥವೇ?

ಹತ್ತಿರದ ಅರ್ಥ, ಅದೇ ಅಲ್ಲ. ಫ್ರೆಂಚ್ ಲೇಖಕ ಆಂದ್ರೆ ಜೀದ್ 1893ರ ದಿನಚರಿಯಲ್ಲಿ ವಂಶಲಾಂಛನಗಳ ಉದಾಹರಣೆ ಕೊಟ್ಟ: ಗುರಾಣಿಯ ಚಿತ್ರದ ನಡುವೆ ಅಂಥದ್ದೇ ಇನ್ನೊಂದು ಚಿಕ್ಕ ಗುರಾಣಿ. ಕೃತಿಯ ಒಳಗಿನ ಭಾಗ ಇಡೀ ಕೃತಿಯನ್ನು ಪ್ರತಿಬಿಂಬಿಸಿದರೆ ಈ ಹೆಸರು ಹೊಂದುತ್ತದೆ. ಹ್ಯಾಮ್ಲೆಟ್‌ನ ನಾಟಕದೊಳಗಿನ ನಾಟಕ ಇದಕ್ಕೆ ಸರಿ, ಚೌಕಟ್ಟಿನ ಕಥೆಗೆ ಸರಿಯಲ್ಲ.

1972ರಲ್ಲಿ ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ ಪದರಗಳಿಗೆ ಶಾಸ್ತ್ರೀಯ ಹೆಸರುಗಳನ್ನು ಕೊಟ್ಟ. ಪರೀಕ್ಷೆಗೆ ಓದುವವರಿಗೆ ಇಷ್ಟು ಸಾಕು: ಎಲ್ಲಕ್ಕೂ ಹೊರಗೆ ನಿಂತು ಹೇಳುವ ಮಟ್ಟ ಒಂದು, ಆ ಹೇಳಿಕೆಯೊಳಗಿನ ಲೋಕ ಎರಡು, ಆ ಲೋಕದ ಪಾತ್ರ ಹೇಳುವ ಕಥೆಯ ಲೋಕ ಮೂರು. ಮಟ್ಟಗಳ ಗೋಡೆ ಒಡೆದು ಪಾತ್ರ ಒಂದರಿಂದ ಇನ್ನೊಂದಕ್ಕೆ ಜಿಗಿದರೆ ಅದಕ್ಕೆ ಅವನು ಇಟ್ಟ ಹೆಸರು ‘ಮೆಟಲೆಪ್ಸಿಸ್’.

ಹೊರ ಚೌಕಟ್ಟನ್ನು ಕೊನೆಯಲ್ಲಿ ಮುಚ್ಚಲೇಬೇಕೇ?

ನಿಯಮವೇನೂ ಇಲ್ಲ. ಷೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದ ಶ್ರೂ’ ನಾಟಕದಲ್ಲಿ ಕುಡುಕ ಕ್ರಿಸ್ಟಫರ್ ಸ್ಲೈಗಾಗಿ ಒಳನಾಟಕ ಆಡುತ್ತಾರೆ. 1623ರ ಮುದ್ರಣದಲ್ಲಿ ಅವನು ಮೊದಲ ಅಂಕದ ಮೊದಲ ದೃಶ್ಯದ ಕೊನೆಯಲ್ಲಿ ಎರಡು ಮಾತಾಡಿ ಆಮೇಲೆ ಪತ್ತೆಯೇ ಇಲ್ಲ. ಚಾಸರ್‌ನ ಯಾತ್ರಿಕರು ಹೋಗುವಾಗ ಎರಡು, ಬರುವಾಗ ಎರಡು ಕಥೆ ಹೇಳಬೇಕೆಂದು ಒಪ್ಪಂದ. ನಮಗೆ ಸಿಕ್ಕಿರುವುದು ಕೊನೆಮುಟ್ಟದವೂ ಸೇರಿ 24 ಮಾತ್ರ. ಇವು ದೊಡ್ಡವರ ಕೃತಿಗಳಾದ್ದರಿಂದ ವಿದ್ವಾಂಸರು ಕಾರಣ ಹುಡುಕುತ್ತಾರೆ. ಹೊಸ ಲೇಖಕ ಹಾಗೆ ಬಿಟ್ಟರೆ, ಅವನು ಮರೆತುಬಿಟ್ಟಿದ್ದಾನೆ ಎಂದೇ ಓದುಗ ತಿಳಿಯುತ್ತಾನೆ. ಬೇಕೆಂದೇ ಬಿಡುವುದಾದರೆ, ಬಿಟ್ಟದ್ದು ಕಾಣುವಂತೆ ಬಿಡಬೇಕು.

ಚೌಕಟ್ಟಿನ ಕಥೆ ಬರೆಯಲು ಎಲ್ಲಿಂದ ಶುರು ಮಾಡಬೇಕು?

ಒಳಕಥೆಯನ್ನು ಮೊದಲು ಬರೆಯಿರಿ. ಹೇಳುವವರ ದನಿಯಲ್ಲೇ, ಅವರು ಕಂಡದ್ದು ಕೇಳಿದ್ದು ಬಿಟ್ಟು ಬೇರೇನೂ ಸೇರಿಸದೆ ಬರೆಯಿರಿ. ನಂತರ ಇದನ್ನು ಕೇಳಿದರೆ ಯಾರಿಗೆ ಹೆಚ್ಚು ನಷ್ಟ, ಯಾರಿಗೆ ಹೆಚ್ಚು ಲಾಭ ಎಂದು ಯೋಚಿಸಿ. ಅವರೇ ನಿಮ್ಮ ಕೇಳುಗ. ಗೆಳೆಯರ ಹರಟೆ, ಮಳೆಗೆ ಸಿಕ್ಕಿಬಿದ್ದ ಅಪರಿಚಿತರು, ರೈಲು ಪ್ರಯಾಣ, ಇವು ಸುಲಭವಾಗಿ ಹೊಳೆಯುತ್ತವೆ. ಆದರೆ ಇವುಗಳಲ್ಲಿ ಕೇಳುವವರಿಗೆ ಏನೂ ಪಣಕ್ಕಿರುವುದಿಲ್ಲ.

ಕೇಳುಗ ಸಿಕ್ಕ ಮೇಲೆ ಗಡುವು ಇಡಿ. ಬೆಳಗಾಗುವುದು, ದೋಣಿ ಬರುವುದು, ತೀರ್ಪು ಓದುವುದು, ರೋಗಿಯ ಉಸಿರು ನಿಲ್ಲುವುದು, ಹೀಗೆ ಹೇಳುವ ಸಮಯಕ್ಕೆ ಒಂದು ಮಿತಿ ಬೇಕು. ಆಮೇಲೆ ಕಥೆಯನ್ನು ಕೇಳುಗ ತಡೆಯುವ ಜಾಗಗಳನ್ನು ಗುರುತಿಸಿ. ಒಳಕಥೆಯ ಒಂದು ಗುಟ್ಟು ಬಯಲಾಗುವ ಮುಂಚೆ ತಡೆದರೆ ಕುತೂಹಲ ಏರುತ್ತದೆ. ಬಯಲಾದ ಮೇಲೆ ತಡೆದರೆ ಕೇಳುಗನ ಮುಖ ಕಾಣುತ್ತದೆ. ಎರಡೂ ಉಪಯುಕ್ತ, ಆದರೆ ಒಂದೇ ಕಡೆ ಎರಡನ್ನೂ ಮಾಡಬೇಡಿ. ಕೊನೆಗೆ ಚೌಕಟ್ಟಿನ ಆರಂಭ ಬರೆಯಿರಿ. ಅದನ್ನು ಮೊದಲೇ ಬರೆದಿದ್ದರೆ ಬಹುತೇಕ ಹರಿದುಹಾಕಿ ಮತ್ತೆ ಬರೆಯಬೇಕಾಗುತ್ತದೆ.

ಅಳತೆ ಕೇಳುವವರಿಗೆ: 3,000 ಪದದ ಸಣ್ಣಕಥೆಯಲ್ಲಿ ಆರಂಭದ ಚೌಕಟ್ಟು 300ರಿಂದ 400 ಪದ, ನಡುವೆ ಎರಡು ಅಥವಾ ಮೂರು ತಡೆ, ಪ್ರತಿ ತಡೆಗೂ ಒಂದೆರಡು ಸಾಲು, ಕೊನೆಯ ಮರಳಿಕೆ 200 ಪದ. ಕೊನೆಯದು ಮೊದಲಿನದಕ್ಕಿಂತ ಉದ್ದವಾದರೆ ಅಲ್ಲಿ ಲೇಖಕ ಕಥೆಗೆ ವ್ಯಾಖ್ಯಾನ ಬರೆಯಲು ಕೂತಿದ್ದಾನೆ ಎಂದರ್ಥ.

ಎಷ್ಟು ಪದರದವರೆಗೆ ಹೋಗಬಹುದು?

ಓದಿ ಮುಗಿಸುವ ಸಣ್ಣಕಥೆಗೆ ಎರಡು, ಕಾದಂಬರಿಗೆ ಮೂರು. ಮೇರಿ ಶೆಲ್ಲಿಯ ಫ್ರಾಂಕೆನ್‌ಸ್ಟೈನ್ (1818) ಇದನ್ನು ಮೀರುತ್ತದೆ: ಸೋದರಿಗೆ ವಾಲ್ಟನ್ ಬರೆಯುವ ಪತ್ರ ಹೊರಗೆ, ಅದರೊಳಗೆ ವಿಕ್ಟರ್‌ನ ಕಥೆ, ಅದರೊಳಗೆ ಅವನು ಸೃಷ್ಟಿಸಿದ ಜೀವಿಯ ಕಥೆ, ಅದರೊಳಗೆ ಆ ಜೀವಿ ಕದ್ದು ನೋಡಿದ ಡಿ ಲೇಸಿ ಕುಟುಂಬದ ಕಥೆ. ಆದರೂ ಓದುಗ ದಾರಿ ತಪ್ಪುವುದಿಲ್ಲ, ಏಕೆಂದರೆ ಪ್ರತಿ ಪದರದ ಮಾತುಗಾರನೂ ಒಂಟಿ, ಪ್ರತಿಯೊಬ್ಬನೂ ತನ್ನ ಕೇಳುಗನಿಂದ ಬೇರೆ ಬೇರೆ ಏನನ್ನೋ ಬೇಡುತ್ತಿದ್ದಾನೆ. ಪದರಗಳನ್ನು ಆಸೆಗಳಿಂದ ಬೇರ್ಪಡಿಸಿದರೆ ಗುರುತು ಉಳಿಯುತ್ತದೆ, ಬರಿ ಹೆಸರುಗಳಿಂದ ಬೇರ್ಪಡಿಸಿದರೆ ಉಳಿಯುವುದಿಲ್ಲ.

ಕನ್ನಡದಲ್ಲಿ ಪದರಗಳನ್ನು ತೋರಿಸಲು ಉದ್ಧರಣ ಚಿಹ್ನೆಗಳೇ ಗತಿಯೇ?

ಅಲ್ಲವೇ ಅಲ್ಲ. ಇಡೀ ಒಳಕಥೆಯನ್ನು ಚಿಹ್ನೆಗಳ ನಡುವೆ ಹಾಕಿದರೆ ಒಳಗಿನ ಸಂಭಾಷಣೆಗೆ ಒಂಟಿ ಚಿಹ್ನೆ, ಅದರೊಳಗಿನದಕ್ಕೆ ಮತ್ತೆ ಜೋಡಿ ಚಿಹ್ನೆ ಎಂದು ಪುಟ ತುಂಬ ಗೀರುಗಳಾಗುತ್ತವೆ. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಸಾಧನಗಳಿವೆ.

ಮೊದಲನೆಯದು ‘ಅಂತೆ’. “ಒಬ್ಬ ರಾಜನಿದ್ದನಂತೆ, ಅವನಿಗೆ ಮೂವರು ಹೆಂಡಿರಂತೆ” ಎಂದೊಡನೆ ಇದು ಕೇಳಿದ ಮಾತು ಎಂದು ಗೊತ್ತಾಗುತ್ತದೆ. ಒಳಕಥೆಯ ಮೊದಲ ಎರಡು ಮೂರು ವಾಕ್ಯಕ್ಕೆ ‘ಅಂತೆ’ ಹಚ್ಚಿ, ಆಮೇಲೆ ಬಿಟ್ಟು ನೇರ ಭೂತಕಾಲಕ್ಕೆ ಬನ್ನಿ. ಹೊರಬರುವಾಗ ಕೊನೆಯ ವಾಕ್ಯಕ್ಕೆ ಮತ್ತೆ ಹಚ್ಚಿ. ಎಲ್ಲ ವಾಕ್ಯಕ್ಕೂ ಹಚ್ಚಿದರೆ ಎರಡನೆಯ ಪುಟದಲ್ಲೇ ಕಿರಿಕಿರಿ. ಹೇಳುವವರು ತಾವೇ ಕಂಡದ್ದನ್ನು ಹೇಳುವಾಗ ‘ಅಂತೆ’ ಸಲ್ಲದು: “ನಾನು ಅಳುತ್ತಿದ್ದೆನಂತೆ” ಎಂದರೆ ನನಗೆ ನೆನಪಿಲ್ಲ, ಬೇರೆಯವರು ಹೇಳಿದ್ದು ಎಂದಾಗುತ್ತದೆ. ಇದನ್ನೇ ತಿರುಗಿಸಿ ಬಳಸಬಹುದು. ತಾನು ಕಣ್ಣಾರೆ ಕಂಡೆ ಎಂದು ಹೇಳಿಕೊಳ್ಳುವ ಪಾತ್ರ ಒಂದು ಕಡೆ ‘ಅಂತೆ’ ಜಾರಿಸಿದರೆ ಜಾಣ ಓದುಗನಿಗೆ ಸುಳ್ಳು ಸಿಕ್ಕಿಬೀಳುತ್ತದೆ.

ಎರಡನೆಯದು ಸಂಬೋಧನೆ. ಕುಮಾರವ್ಯಾಸನ ‘ಕೇಳು ಜನಮೇಜಯ ಧರಿತ್ರೀಪಾಲ’ ನೆನಪಿಸಿಕೊಳ್ಳಿ. ಮೂರು ಪದದಲ್ಲಿ ಹೇಳುವವ, ಕೇಳುವವ, ಅವರ ಸ್ಥಾನ, ಎಲ್ಲ ಬಂತು. ಒಳಕಥೆಯ ನಡುವೆ ಅಪರೂಪಕ್ಕೊಮ್ಮೆ ‘ಸ್ವಾಮಿ’, ‘ಮಗಾ’, ‘ಅಕ್ಕಾ’ ಎಂದು ಒಂದು ಸಂಬೋಧನೆ ಇಟ್ಟರೆ ಹೊರ ಚೌಕಟ್ಟು ಜೀವಂತವಾಗಿರುತ್ತದೆ.

ಎಡವುವುದು ‘ಎಂದು’ ವಿಷಯದಲ್ಲಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. “…ಎಂದು ರಾಜ ಹೇಳಿದನೆಂದು ಮಂತ್ರಿ ತಿಳಿಸಿದನೆಂದು ಅಜ್ಜಿ ಹೇಳಿದಳು” ಎಂದು ಬರೆದರೆ ಯಾರ ಮಾತು ಎಂದು ತಿಳಿಯಲು ಓದುಗ ವಾಕ್ಯದ ತುದಿವರೆಗೆ ಉಸಿರು ಹಿಡಿಯಬೇಕು. ಹೇಳುವವರನ್ನು ಮುಂದಕ್ಕೆ ತನ್ನಿ: “ಅಜ್ಜಿ ಶುರು ಮಾಡಿದಳು.” ಒಂದು ಸಾಲು ಬಿಡಿ. ಅಲ್ಲಿಂದ ಕಥೆ, ‘ಎಂದು’ ಬೇಡ.

ಸಾಮಾನ್ಯವಾಗಿ ಏನು ಕೆಡುತ್ತದೆ?

ದನಿ ಒಂದೇ ಆಗುವುದು ಮೊದಲ ತೊಂದರೆ. ಹೊರಗಿನ ನಿರೂಪಕನೂ ಒಳಗಿನ ಮುದುಕಿಯೂ ಒಂದೇ ಗ್ರಂಥಭಾಷೆಯಲ್ಲಿ ಮಾತಾಡಿದರೆ ಚೌಕಟ್ಟು ಇದ್ದೂ ಇಲ್ಲದಂತೆ. ಎರಡನೆಯದು, ಹೇಳುವವರಿಗೆ ಗೊತ್ತಿರಲು ಸಾಧ್ಯವಿಲ್ಲದ ಸಂಗತಿ: ಮುಚ್ಚಿದ ಕೋಣೆಯಲ್ಲಿ ಇಬ್ಬರು ಆಡಿದ ಮಾತು ಹೊರಗಿದ್ದ ಆಳಿಗೆ ಪದಶಃ ಹೇಗೆ ತಿಳಿಯಿತು? ಎಮಿಲಿ ಬ್ರಾಂಟೆಯ ವುದರಿಂಗ್ ಹೈಟ್ಸ್‌ನಲ್ಲಿ (1847) ಲಾಕ್‌ವುಡ್‌ಗೆ ಕಥೆ ಹೇಳುವ ನೆಲ್ಲಿ ಡೀನ್ ಮನೆಗೆಲಸದವಳಾದ್ದರಿಂದ ಎಲ್ಲ ಕಡೆ ಓಡಾಡುತ್ತಾಳೆ, ಬಾಗಿಲಲ್ಲಿ ನಿಲ್ಲುತ್ತಾಳೆ; ತಾನು ಇಲ್ಲದ ಕಡೆಯ ಸಂಗತಿ ಅವಳಿಗೆ ಪತ್ರದಿಂದಲೋ ಬೇರೆ ಆಳಿನಿಂದಲೋ ತಲುಪುತ್ತದೆ. ಆ ಪಾತ್ರದ ಆಯ್ಕೆಯಲ್ಲೇ ಅರ್ಧ ಸಮಸ್ಯೆ ಬಗೆಹರಿದಿದೆ.

ಮೂರನೆಯದು ಉದ್ದ. ಜೋಸೆಫ್ ಕಾನ್ರಾಡ್‌ನ ಲಾರ್ಡ್ ಜಿಮ್ (1900) ಬಂದಾಗ ಯಾವ ಮನುಷ್ಯನೂ ಒಂದೇ ಕೂರಿಕೆಯಲ್ಲಿ ಅಷ್ಟು ಹೊತ್ತು ಮಾತಾಡಲಾರ ಎಂದು ಆಕ್ಷೇಪ ಬಂತು. ಮಾರ್ಲೋ ಹೇಳುವ ಭಾಗವನ್ನು ಗಟ್ಟಿಯಾಗಿ ಓದಿದರೆ ಮೂರು ಗಂಟೆಯೊಳಗೆ ಮುಗಿಯುತ್ತದೆ ಎಂದು ಕಾನ್ರಾಡ್ ಆಮೇಲಿನ ಮುನ್ನುಡಿಯಲ್ಲಿ ಉತ್ತರ ಕೊಟ್ಟ. ನೀವೂ ಗಡಿಯಾರ ಇಟ್ಟು ಓದಿ ನೋಡಿ. ಹದಿನೈದು ನಿಮಿಷದ ರೈಲು ನಿಲುಗಡೆಯಲ್ಲಿ ಪಾತ್ರ ಎರಡು ಗಂಟೆಯ ಕಥೆ ಹೇಳಿದ್ದರೆ ಅಲ್ಲೇ ತಿಳಿಯುತ್ತದೆ.

ಇನ್ನು ಕೆಲವರು ಕೊನೆಗೆ ‘ಹೇಳುತ್ತಿದ್ದವನು ಸತ್ತು ಹತ್ತು ವರ್ಷವಾಗಿತ್ತು’ ಎಂದು ಮುಗಿಸುತ್ತಾರೆ. ದಯವಿಟ್ಟು ಬೇಡ.

ಸಿನಿಮಾದಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ?

ಸಿನಿಮಾದಲ್ಲಿ ಒಳಕಥೆ ಕಣ್ಣಿಗೆ ಕಾಣುವುದರಿಂದ ಅದು ಒಬ್ಬರ ಹೇಳಿಕೆ ಮಾತ್ರ ಎಂಬುದು ಬೇಗ ಮರೆತುಹೋಗುತ್ತದೆ. ಕುರೊಸಾವಾನ ರಾಶೊಮಾನ್ (1950) ಈ ಮರೆವನ್ನೇ ದುಡಿಸಿಕೊಂಡಿತು. ಪಾಳುಬಿದ್ದ ಹೆಬ್ಬಾಗಿಲಲ್ಲಿ ಮಳೆಗೆ ನಿಂತ ಮೂವರ ಮಾತು ಹೊರಗೆ, ನ್ಯಾಯಸ್ಥಾನದ ಹೇಳಿಕೆಗಳು ಅದರೊಳಗೆ, ಆ ಹೇಳಿಕೆಗಳ ದೃಶ್ಯಗಳು ಇನ್ನೂ ಒಳಗೆ. ಕಂಡದ್ದೆಲ್ಲ ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೊರಗೆ ನಿಂತು ಹೇಳುತ್ತಿದ್ದ ಮರ ಕಡಿಯುವವನೂ ಸುಳ್ಳು ಹೇಳಿದ್ದಾನೆ ಎಂದು ತಿಳಿದಾಗ ಚೌಕಟ್ಟಿನ ಮೇಲಿನ ನಂಬಿಕೆಯೂ ಅಲುಗುತ್ತದೆ.

ಒಂದು ಕೃತಿಯ ಚೌಕಟ್ಟು ಬೇಕಿತ್ತೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ?

ಚೌಕಟ್ಟಿನ ಪುಟಗಳನ್ನು ಬಿಟ್ಟು ಒಳಕಥೆ ಮಾತ್ರ ಓದಿ. ಅರ್ಥ, ಆತಂಕ, ನಂಬಿಕೆ ಮೂರರಲ್ಲಿ ಒಂದೂ ಬದಲಾಗದಿದ್ದರೆ ಚೌಕಟ್ಟು ಅಲಂಕಾರ. ಆಮೇಲೆ ಕೇಳುಗನನ್ನು ಬದಲಿಸಿ ನೋಡಿ. ಯಶೋಧರನ ಕಥೆಯನ್ನು ಮಾರಿದತ್ತನ ಬದಲು ಒಬ್ಬ ಜೈನ ಶ್ರಾವಕನಿಗೆ ಹೇಳಿದ್ದರೆ? ಅವನು ತಲೆದೂಗಿ ಮನೆಗೆ ಹೋಗುತ್ತಿದ್ದ, ಅಷ್ಟೆ. ನಿಮ್ಮ ಬರಹಕ್ಕೂ ಇದೇ ಪರೀಕ್ಷೆ. ಅದರಲ್ಲಿ ಚೌಕಟ್ಟು ಸೋತರೆ ಒಳಕಥೆಯನ್ನು ಹಾಳು ಮಾಡಬೇಡಿ. ಚೌಕಟ್ಟು ತೆಗೆದು ಅದನ್ನೇ ನೇರವಾಗಿ ಪ್ರಕಟಿಸಿ.